ಟೊಯೋಟಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು: ಮಗ್ಗದಿಂದ ಇನ್ನೋವಾವರೆಗೆ

ಮದುವೆ ಮನೆಯಲ್ಲೋ ಟೀ ಅಂಗಡಿಯಲ್ಲೋ ಕಾರಿನ ಮಾತು ಬಂದರೆ ಯಾರಾದರೂ ಒಬ್ಬರು "ಇನ್ನೋವಾ ಬಿಡಿ, ಅದರ ಕಥೆನೇ ಬೇರೆ" ಅಂತ ಶುರು ಮಾಡಿಯೇ ಮಾಡುತ್ತಾರೆ. ಆಮೇಲೆ ಕೇಳುವ ಪ್ರಶ್ನೆಗಳೂ ಹೆಚ್ಚುಕಮ್ಮಿ ಅವೇ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಟೊಯೋಟಾ ಮೊದಲು ಮಗ್ಗ ಮಾಡುತ್ತಿದ್ದ ಕಂಪನಿಯಂತೆ, ನಿಜವಾ?

ನಿಜ. ಕಥೆ ಶುರುವಾಗುವುದೇ ಸಾಕಿಚಿ ಟೊಯೋಡಾ ಎಂಬ ಬಡಗಿಯ ಮಗನಿಂದ. ಹುಟ್ಟಿದ್ದು 1867ರಲ್ಲಿ, ಈಗಿನ ಶಿಜುಓಕ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ಸುತ್ತಮುತ್ತಲಿನ ಮನೆಗಳಲ್ಲಿ ಹೆಂಗಸರು ಕೈಮಗ್ಗದಲ್ಲಿ ನೇಯುತ್ತಿದ್ದರು. ಇವರು ಮರದ ಮಗ್ಗವನ್ನು ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ ಸುಧಾರಿಸುತ್ತಾ ಹೋದರು. 1924ರ ಹೊತ್ತಿಗೆ 'ಜಿ' ಮಾದರಿಯ ಸ್ವಯಂಚಾಲಿತ ಮಗ್ಗ ತಯಾರಾಯಿತು. ಓಡುತ್ತಿರುವಾಗಲೇ ಲಾಳಿ ಬದಲಾಯಿಸುವ ಮಗ್ಗ ಅದು.

ಆದರೆ ಆ ಮಗ್ಗದ ದೊಡ್ಡ ಗುಣ ಓಡುವುದರಲ್ಲಿ ಇರಲಿಲ್ಲ, ನಿಲ್ಲುವುದರಲ್ಲಿ ಇತ್ತು. ದೊಡ್ಡಬಳ್ಳಾಪುರದ ಕಡೆ ಪವರ್‌ಲೂಮ್ ಇರುವ ಬೀದಿಯಲ್ಲಿ ನಡೆದವರಿಗೆ ಆ ಖಟಖಟ ಸದ್ದು ಗೊತ್ತಿರುತ್ತದೆ. ಹಾಸಿನಲ್ಲಿ ಒಂದೇ ಒಂದು ಎಳೆ ಕಡಿದು, ಯಾರೂ ನೋಡದೆ ಮಗ್ಗ ಓಡುತ್ತಲೇ ಇದ್ದರೆ ಮುಂದಿನ ಅಷ್ಟೂ ಬಟ್ಟೆ ಹಾಳು. ಸಾಕಿಚಿಯ ಮಗ್ಗ ಎಳೆ ಕಡಿದ ಕೂಡಲೇ ತಾನೇ ನಿಲ್ಲುತ್ತಿತ್ತು. ಹಾಗಾಗಿ ಒಂದೊಂದು ಮಗ್ಗಕ್ಕೆ ಒಬ್ಬೊಬ್ಬರು ಕಾವಲು ಕೂರಬೇಕಿರಲಿಲ್ಲ. ಹತ್ತಾರು ಮಗ್ಗಗಳನ್ನು ಒಬ್ಬರೇ ನೋಡಿಕೊಳ್ಳಬಹುದಿತ್ತು.

ಈ 'ತಪ್ಪಾದರೆ ನಿಲ್ಲು' ಅನ್ನುವ ಗುಣವನ್ನು ನೆನಪಿಟ್ಟುಕೊಳ್ಳಿ. ಟೊಯೋಟಾದ ಹೆಸರು ಏರಿದ್ದೂ ಇದರಿಂದಲೇ, ಬಿದ್ದಾಗ ಬಿದ್ದದ್ದೂ ಇದನ್ನು ಮರೆತಿದ್ದರಿಂದಲೇ ಅಂತ ನನ್ನ ಲೆಕ್ಕ.

ಮಗ್ಗದಿಂದ ಕಾರಿಗೆ ಹೇಗೆ ಬಂದರು?

ಸಾಕಿಚಿಯ ಮಗ ಕಿಇಚಿರೊ ಟೋಕಿಯೋದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. 1929ರಲ್ಲಿ ಈ ಮಗ್ಗದ ಪೇಟೆಂಟ್ ಹಕ್ಕನ್ನು ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ 1 ಲಕ್ಷ ಪೌಂಡಿಗೆ ಕೊಂಡಿತು. ಮಗ್ಗದ ಯಂತ್ರದಲ್ಲಿ ಜಗತ್ತಿಗೇ ದೊಡ್ಡಣ್ಣ ಅನ್ನಿಸಿಕೊಂಡಿದ್ದ ಕಂಪನಿ ಅದು. ಅಂಥವರು ಜಪಾನಿನಿಂದ ಹಕ್ಕು ಕೊಂಡರು ಅಂದರೆ ಸುಮ್ನೆ ಅಲ್ಲ. ಆ ವ್ಯವಹಾರಕ್ಕೆ ಹೋಗಿದ್ದ ಕಿಇಚಿರೊ ಅಮೆರಿಕ, ಇಂಗ್ಲೆಂಡ್ ಸುತ್ತಿ ಅಲ್ಲಿನ ಕಾರು ಉದ್ಯಮ ನೋಡಿಕೊಂಡು ಬಂದರು. ಆ ಪೇಟೆಂಟ್ ದುಡ್ಡೇ ಕಾರಿಗೆ ಬಂಡವಾಳವಾಯಿತು ಅನ್ನುವುದು ಜನಪ್ರಿಯ ಕಥೆ. ಕಥೆಗಳು ಯಾವಾಗಲೂ ಸ್ವಲ್ಪ ಜಾಸ್ತಿ ಅಚ್ಚುಕಟ್ಟಾಗಿರುತ್ತವೆ. ಖಚಿತವಾಗಿ ಹೇಳಬಹುದಾದದ್ದು ಇಷ್ಟು: 1933ರಲ್ಲಿ ಮಗ್ಗದ ಕಂಪನಿಯ ಒಳಗೇ ಒಂದು ಕಾರು ವಿಭಾಗ ಶುರುವಾಯಿತು. 1937ರಲ್ಲಿ ಅದೇ ಟೊಯೋಟಾ ಮೋಟಾರ್ ಎಂಬ ಬೇರೆ ಕಂಪನಿಯಾಯಿತು.

ಮನೆತನ ಟೊಯೋಡಾ, ಕಾರು ಟೊಯೋಟಾ. ಏನಿದು?

1936ರಲ್ಲಿ ಲಾಂಛನಕ್ಕಾಗಿ ಸ್ಪರ್ಧೆ ಇಟ್ಟರು. ಸುಮಾರು 27,000 ಮಂದಿ ಕಳಿಸಿದ್ದರು. ಗೆದ್ದದ್ದರಲ್ಲಿ 'ಟೊಯೋಡಾ' ಬದಲು 'ಟೊಯೋಟಾ' ಅಂತಿತ್ತು. ಜಪಾನಿನ ಕತಕಾನ ಲಿಪಿಯಲ್ಲಿ ಅಕ್ಷರದ ಪಕ್ಕ ಎರಡು ಪುಟ್ಟ ಗೀಟು ಎಳೆದರೆ 'ತ' ಹೋಗಿ 'ದ' ಆಗುತ್ತದೆ. ಆ ಎರಡು ಗೀಟು ತೆಗೆದರೆ ಹೆಸರು ಬರೆಯಲು ಎಂಟೇ ಗೀಟು ಸಾಕು. ಎಂಟು ಅವರಿಗೆ ಶುಭ ಸಂಖ್ಯೆ. ಕೇಳಲೂ ಚೊಕ್ಕ. ಟೊಯೋಡಾ ಅಂದರೆ ಸಮೃದ್ಧವಾದ ಗದ್ದೆ ಅಂತ ಅರ್ಥ. ನಮ್ಮಲ್ಲಿ 'ಹೊನ್ನಗದ್ದೆ ಮೋಟಾರ್ಸ್' ಅಂದ ಹಾಗೆ! ಇನ್ನೊಂದು ವಿಷಯ: ಕಾರಿಗೆ ಊರಿನ ಹೆಸರು ಬಂದಿಲ್ಲ, ಊರಿಗೇ ಕಾರಿನ ಹೆಸರು ಬಂದಿದೆ. ಕೊರೊಮೊ ಎಂಬ ಊರು 1959ರಲ್ಲಿ ಟೊಯೋಟಾ ನಗರವಾಯಿತು.

ಮೊದಲಿನಿಂದಲೂ ಗಟ್ಟಿ ಗಾಡಿನಾ?

ಎಲ್ಲಿಯ ಗಟ್ಟಿ! 1935ರ ಅವರ ಮೊದಲ ಲಾರಿ ಜಿ1, ಬಿಡುಗಡೆಗೆ ಅಂತ ಟೋಕಿಯೋಗೆ ಹೋಗುವಾಗ ದಾರಿಯಲ್ಲೇ ಕೆಟ್ಟು ನಿಂತಿತ್ತು. ಮಾರಿದ ಲಾರಿಗಳೂ ಪದೇ ಪದೇ ಕೆಡುತ್ತಿದ್ದವು. ಮೊದಲ ಕಾರಿನ ರೂಪ ಅಮೆರಿಕದ ಡಿಸೋಟೋ ಏರ್‌ಫ್ಲೋನಿಂದ ಬಂದದ್ದು, ಎಂಜಿನ್ ಷೆವರ್ಲೆಯದನ್ನು ನೋಡಿ ಮಾಡಿದ್ದು.

1957ರಲ್ಲಿ ಟೊಯೋಪೆಟ್ ಕ್ರೌನ್ ಕಾರನ್ನು ಅಮೆರಿಕಕ್ಕೆ ತೆಗೆದುಕೊಂಡು ಹೋದರು. ಜಪಾನಿನ ಕೆಟ್ಟ ರಸ್ತೆಗಳಿಗೆ ಅದು ಸರಿಯಾಗಿತ್ತು. ಅಲ್ಲಿನ ಹೈವೇಯಲ್ಲಿ ವೇಗ ಏರಿಸಿದರೆ ನಡುಗುತ್ತಿತ್ತು, ಬಿಸಿಯಾಗುತ್ತಿತ್ತು. ಮೂರೇ ವರ್ಷದಲ್ಲಿ, 1960ರ ಕೊನೆಗೆ, ಅದರ ಮಾರಾಟ ನಿಲ್ಲಿಸಿದರು. ಲ್ಯಾಂಡ್ ಕ್ರೂಸರ್ ಎಂಬ ಅವರ ಜೀಪಿನಂಥ ಗಾಡಿ ಇತ್ತು ಅಂತ ಅಲ್ಲಿ ಅಂಗಡಿ ಮುಚ್ಚಲಿಲ್ಲ, ಅಷ್ಟೆ.

ಕಂಪನಿ ಮುಳುಗುವ ಹಂತಕ್ಕೆ ಬಂದಿತ್ತು ಅಂತಾರಲ್ಲ?

ಬಂದಿತ್ತು. ಯುದ್ಧ ಮುಗಿದ ಮೇಲೆ 1949ರಲ್ಲಿ ಜಪಾನಿನಲ್ಲಿ ದುಡ್ಡಿನ ಬಿಗಿ ಶುರುವಾಯಿತು. ಕಾರು ಕೊಳ್ಳುವವರಿಲ್ಲ, ಮಾರಿದ ದುಡ್ಡು ವಾಪಸ್ ಬರುತ್ತಿಲ್ಲ. ಬ್ಯಾಂಕುಗಳು ಸೇರಿ ಸಾಲ ಕೊಟ್ಟವು, ಆದರೆ ಷರತ್ತು ಹಾಕಿ: ಮಾರಾಟದ ಕಂಪನಿ ಬೇರೆ ಮಾಡಿ, ಜನ ಕಡಿಮೆ ಮಾಡಿ. ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಅಂತ ಕಿಇಚಿರೊ ಮಾತು ಕೊಟ್ಟಿದ್ದರು. ಅದು ಉಳಿಯಲಿಲ್ಲ. ಮುಷ್ಕರ ನಡೆಯಿತು. 1950ರ ಜೂನ್‌ನಲ್ಲಿ ಅವರು ರಾಜೀನಾಮೆ ಕೊಟ್ಟರು.

ಅದೇ ತಿಂಗಳು 25ಕ್ಕೆ ಕೊರಿಯಾ ಯುದ್ಧ ಶುರು. ಅಮೆರಿಕದ ಸೇನೆ ಸಾವಿರಾರು ಲಾರಿಗೆ ಆರ್ಡರ್ ಕೊಟ್ಟಿತು. ಕೆಲವೇ ವಾರಗಳ ಹಿಂದೆ ಬಂದಿದ್ದರೆ ಅವರು ಕುರ್ಚಿ ಬಿಡಬೇಕಿರಲಿಲ್ಲವೇನೋ. 1952ರಲ್ಲಿ ಮತ್ತೆ ಅವರನ್ನೇ ಕರೆತರುವ ತಯಾರಿ ನಡೆದಿತ್ತು. ಅಷ್ಟರಲ್ಲಿ ಮಾರ್ಚ್ ತಿಂಗಳಲ್ಲಿ ತೀರಿಕೊಂಡರು. ವಯಸ್ಸು 57. ಕರೋಲಾ ಆಗಲಿ, ಕ್ರೌನ್ ಆಗಲಿ, ಅವರು ನೋಡಲೇ ಇಲ್ಲ.

'ಟೊಯೋಟಾ ಪದ್ಧತಿ' ಅಂದರೆ ಏನು? ಮ್ಯಾನೇಜ್‌ಮೆಂಟ್ ಓದುವವರೆಲ್ಲ ಅದನ್ನೇ ಜಪಿಸ್ತಾರೆ.

ದೊಡ್ಡ ದೊಡ್ಡ ಪದ ಬಿಡಿ. ಇದರ ಹಿಂದಿನ ಮುಖ್ಯ ವ್ಯಕ್ತಿ ತಾಯಿಚಿ ಓನೊ. ಅವರೂ ಮೊದಲು ಟೊಯೋಡಾ ಮನೆತನದ ನೂಲು-ನೇಯ್ಗೆ ಕಂಪನಿಯಲ್ಲಿ ಇದ್ದವರೇ. 1943ರಲ್ಲಿ ಕಾರಿನ ಕಡೆ ಬಂದರು.

ಅಮೆರಿಕದ ಕಾರ್ಖಾನೆಗಳಲ್ಲಿ ಆಗ ಲೈನ್ ನಿಲ್ಲಿಸುವುದು ಮಹಾಪಾಪ. ಬಾಗಿಲು ಸರಿಯಾಗಿ ಕೂತಿಲ್ಲವೇ? ಮುಂದೆ ತಳ್ಳಿ, ಕೊನೆಯಲ್ಲಿ ಯಾರೋ ಸರಿ ಮಾಡುತ್ತಾರೆ. ಓನೊ ಮಗ್ಗದ ಬುದ್ಧಿಯನ್ನು ಇಲ್ಲಿಗೆ ತಂದರು. ಲೈನಿನ ಉದ್ದಕ್ಕೂ ಒಂದು ಹಗ್ಗ. ಯಾವ ಕೆಲಸಗಾರನಿಗೇ ಆಗಲಿ ತಪ್ಪು ಕಂಡರೆ ಆ ಹಗ್ಗ ಎಳೆಯಬಹುದು. ಮೇಲೆ ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಮೇಲಿನವರು ಓಡಿ ಬರುತ್ತಾರೆ. ಅಷ್ಟರಲ್ಲಿ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ಇದಕ್ಕೆ ಅವರು ಇಟ್ಟ ಹೆಸರು 'ಜಿದೋಕ'. ಸ್ವಯಂಚಾಲನೆ ಅನ್ನುವ ಪದವೇ ಅದು. ಆದರೆ ಬರೆಯುವಾಗ 'ಚಲನೆ'ಯ ಅಕ್ಷರಕ್ಕೆ 'ಮನುಷ್ಯ' ಅನ್ನುವ ಸಣ್ಣ ಗುರುತನ್ನು ಪಕ್ಕದಲ್ಲಿ ಸೇರಿಸಿದರು. ಯಂತ್ರಕ್ಕೆ ಮನುಷ್ಯನ ವಿವೇಕ ಸೇರಿಸಿದ ಹಾಗೆ. ಒಂದು ಕಂಪನಿ ಕಾಗುಣಿತದಲ್ಲೇ ತನ್ನ ಯೋಚನೆ ಹೇಳಿದ್ದು ನನಗೆ ಬಹಳ ಇಷ್ಟ.

ಇನ್ನೊಂದು ಅರ್ಧ: ಬೇಕಾದದ್ದು ಬೇಕಾದಾಗ ಬೇಕಾದಷ್ಟೇ. ಇದಕ್ಕೆ ಓನೊಗೆ ದಾರಿ ತೋರಿಸಿದ್ದು ಅಮೆರಿಕದ ಸೂಪರ್‌ಮಾರ್ಕೆಟ್. ಗಿರಾಕಿ ಕಪಾಟಿನಿಂದ ಎಷ್ಟು ತೆಗೆದನೋ ಅಷ್ಟನ್ನೇ ಅಂಗಡಿಯವನು ತುಂಬುತ್ತಾನೆ. ಕಾರ್ಖಾನೆಯಲ್ಲೂ ಹಾಗೇ ಮಾಡಿದರು. ಬಿಡಿಭಾಗದ ಡಬ್ಬಿಯ ಜೊತೆ ಒಂದು ಚೀಟಿ. ಡಬ್ಬಿ ಬಳಕೆಯಾದಾಗ ಚೀಟಿ ಹಿಂದಿನ ವಿಭಾಗಕ್ಕೆ ಹೋಗುತ್ತದೆ, ಚೀಟಿ ಬಂದರಷ್ಟೇ ಅವರು ಹೊಸದು ಮಾಡುತ್ತಾರೆ. ಆ ಚೀಟಿಯೇ 'ಕಾನ್‌ಬಾನ್'. ಬೆಂಗಳೂರಿನ ಸಾಫ್ಟ್‌ವೇರ್ ಆಫೀಸುಗಳಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಬಣ್ಣಬಣ್ಣದ ಚೀಟಿ ಸರಿಸುತ್ತಾರಲ್ಲ, ಅದರ ಅಜ್ಜ ಈ ಡಬ್ಬಿ ಚೀಟಿ.

ಓನೊ ಸುಲಭದ ಮನುಷ್ಯ ಅಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಬರೆದು, ಎಂಜಿನಿಯರನ್ನು ಅದರೊಳಗೆ ಗಂಟೆಗಟ್ಟಲೆ ನಿಲ್ಲಿಸಿ "ನೋಡು" ಅನ್ನುತ್ತಿದ್ದರಂತೆ. ಐದು ಸಲ 'ಯಾಕೆ' ಕೇಳು ಅನ್ನುವುದೂ ಅವರ ಪಾಠವೇ. ಯಂತ್ರ ಯಾಕೆ ನಿಂತಿತು? ಫ್ಯೂಸ್ ಹೋಯಿತು. ಯಾಕೆ? ಬೇರಿಂಗ್‌ಗೆ ಎಣ್ಣೆ ಸಾಲಲಿಲ್ಲ. ಯಾಕೆ? ಎಣ್ಣೆ ಪಂಪ್ ಸರಿಯಾಗಿ ಎಳೆಯುತ್ತಿಲ್ಲ. ಯಾಕೆ? ಅದರ ಶಾಫ್ಟ್ ಸವೆದಿದೆ. ಯಾಕೆ? ಜಾಲರಿ ಇಲ್ಲ, ಲೋಹದ ಪುಡಿ ಒಳಗೆ ಹೋಗಿದೆ. ಮೊದಲ ಉತ್ತರಕ್ಕೇ ನಿಂತಿದ್ದರೆ ಫ್ಯೂಸ್ ಹಾಕಿ ಮನೆಗೆ ಹೋಗುತ್ತಿದ್ದರು.

ಇದೆಲ್ಲ ಜಪಾನಿನವರಿಗೆ ಮಾತ್ರ ಆಗುವ ಕೆಲಸ ಅಲ್ವಾ?

1984ರಲ್ಲೇ ಇದಕ್ಕೆ ಉತ್ತರ ಸಿಕ್ಕಿದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ನ ಒಂದು ಕಾರ್ಖಾನೆ ಇತ್ತು. ಗೈರುಹಾಜರಿ, ಜಗಳ, ಕೆಲಸದ ಹೊತ್ತಲ್ಲೇ ಕುಡಿತ ಎಲ್ಲ ಸೇರಿ ಕುಖ್ಯಾತಿ. 1982ರಲ್ಲಿ ಮುಚ್ಚಿದರು. ಆಮೇಲೆ ಟೊಯೋಟಾ ಜೊತೆ ಸೇರಿ ಅದನ್ನೇ 'ನುಮ್ಮಿ' ಅಂತ ಮತ್ತೆ ತೆರೆದರು. ಕೆಲಸಗಾರರು ಬಹುಪಾಲು ಹಳಬರೇ, ಯೂನಿಯನ್ನೂ ಅದೇ. ಅವರ ಕೈಗೆ ಹಗ್ಗ ಎಳೆಯುವ ಅಧಿಕಾರ ಕೊಟ್ಟರು. ಅದೇ ಜನ ಸ್ವಲ್ಪ ಕಾಲದಲ್ಲೇ ಜನರಲ್ ಮೋಟಾರ್ಸ್‌ನ ಬೇರೆ ಕಾರ್ಖಾನೆಗಳು ನಾಚುವಂಥ ಕಾರು ಮಾಡಿದರು. 2010ರಲ್ಲಿ ಅದು ಮುಚ್ಚಿತು. ಈಗ ಅಲ್ಲಿ ಟೆಸ್ಲಾ ಇದೆ.

ಬಿಡಿಭಾಗ ಕೂಡಿಡದಿದ್ದರೆ ಒಂದು ದಿನ ಕೈಕೊಡುತ್ತಲ್ವಾ?

ಕೊಟ್ಟಿದೆ. 1997ರ ಫೆಬ್ರುವರಿ 1ಕ್ಕೆ ಐಸಿನ್ ಎಂಬ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಬ್ರೇಕಿಗೆ ಬೇಕಾದ ಒಂದು ಪುಟ್ಟ ವಾಲ್ವ್ ಹೆಚ್ಚುಕಮ್ಮಿ ಎಲ್ಲ ಟೊಯೋಟಾಗಳಿಗೂ ಅಲ್ಲಿಂದಲೇ ಬರುತ್ತಿತ್ತು. ಜಪಾನಿನ ಟೊಯೋಟಾ ಲೈನುಗಳು ಸಾಲಾಗಿ ನಿಂತವು. ಆಗ ಹತ್ತಾರು ಸಣ್ಣ ಕಂಪನಿಗಳು, ಆ ವಾಲ್ವ್ ಎಂದೂ ಮಾಡದವರೂ ಸೇರಿ, ನಕ್ಷೆ ತರಿಸಿಕೊಂಡು ಮಾಡಿಕೊಟ್ಟರು. ವಾರದೊಳಗೆ ಕಾರ್ಖಾನೆಗಳು ಮತ್ತೆ ಎದ್ದವು. 2023ರ ಆಗಸ್ಟ್‌ನಲ್ಲಿ ಮತ್ತೊಮ್ಮೆ ಜಪಾನಿನ 14 ಕಾರ್ಖಾನೆ ನಿಂತವು. ಈ ಸಲ ಕಾರಣ ಬಿಡಿಭಾಗ ಅಲ್ಲ, ಸರ್ವರಿನಲ್ಲಿ ಜಾಗ ಭರ್ತಿಯಾಗಿದ್ದು! ನಮ್ಮ ಫೋನ್ ಫೋಟೋ ತುಂಬಿ ನಿಲ್ಲುವ ಹಾಗೆ.

ಟೊಯೋಟಾ ಕೆಡೋದೇ ಇಲ್ಲ ಅನ್ನುವುದು ಎಷ್ಟು ನಿಜ?

ಕೆಡುತ್ತದೆ. ಕಡಿಮೆ ಕೆಡುತ್ತದೆ. ಒಂದು ಕಾರಣ ಮೇಲೆ ಹೇಳಿದ ಪದ್ಧತಿ. ಇನ್ನೊಂದು ಕಾರಣ ಅಷ್ಟೇನೂ ರೋಚಕ ಅಲ್ಲ: ಇವರು ಹೊಸದಕ್ಕೆ ಬೇಗ ಕೈ ಹಾಕುವುದಿಲ್ಲ. ಪಳಗಿದ ಎಂಜಿನ್, ಪಳಗಿದ ಗೇರ್‌ಬಾಕ್ಸನ್ನೇ ವರ್ಷಗಟ್ಟಲೆ ಸಣ್ಣಸಣ್ಣದಾಗಿ ತಿದ್ದುತ್ತಾರೆ. 1984ರಲ್ಲಿ ಬಂದ 70 ಸರಣಿಯ ಲ್ಯಾಂಡ್ ಕ್ರೂಸರ್ ಇವತ್ತಿಗೂ ಕೆಲವು ದೇಶಗಳಲ್ಲಿ ಹೊಸದಾಗಿ ಸಿಗುತ್ತದೆ. ಒಳಗೆ ಕೂತರೆ ಬೇರೆಯವರ ಕಾರಿನಷ್ಟು ಥಳಕು ಇರುವುದಿಲ್ಲ, ನಿಜ.

ಈ ಹೆಸರಿಗೆ ಇನ್ನೊಂದು ಮುಖವೂ ಇದೆ. 1987ರಲ್ಲಿ ಆಫ್ರಿಕಾದ ಚಾಡ್ ದೇಶದವರು ಟೊಯೋಟಾ ಪಿಕಪ್‌ಗಳಲ್ಲಿ ನುಗ್ಗಿ ಲಿಬಿಯಾದ ಟ್ಯಾಂಕ್ ಪಡೆಯನ್ನೇ ಸೋಲಿಸಿದರು. ಇತಿಹಾಸದಲ್ಲಿ ಅದಕ್ಕೆ 'ಟೊಯೋಟಾ ಯುದ್ಧ' ಅಂತಲೇ ಹೆಸರು. ವಿಶ್ವಸಂಸ್ಥೆಯ ಸಿಬ್ಬಂದಿ, ಡಾಕ್ಟರು, ಬಂಡುಕೋರರು ಎಲ್ಲರಿಗೂ ಅದೇ ಗಾಡಿ ಬೇಕು. ಯಾವ ಕಂಪನಿಯೂ ಬಯಸಿ ಪಡೆಯುವ ಜಾಹೀರಾತಲ್ಲ ಇದು.

ಮಾರಾಟದಲ್ಲಿ ಇವರನ್ನು ಎತ್ತಿದ್ದು ಮಾತ್ರ ಸಾಧು ಪ್ರಾಣಿ ಕರೋಲಾ. 1966ರಲ್ಲಿ ಬಂತು. ಎದುರಾಳಿ ನಿಸಾನ್‌ನ ಸನ್ನಿಗೆ 1,000 ಸಿಸಿ ಎಂಜಿನ್, ಇದಕ್ಕೆ 1,100. "100 ಸಿಸಿ ಜಾಸ್ತಿ" ಅನ್ನುವುದೇ ಪ್ರಚಾರ! 2021ರ ಹೊತ್ತಿಗೆ 5 ಕೋಟಿ ಕರೋಲಾ ಮಾರಾಟವಾಗಿತ್ತು.

ಲೆಕ್ಸಸ್ ಬೇರೆ ಕಂಪನಿನಾ?

ಅಲ್ಲ, ಟೊಯೋಟಾದ್ದೇ ದುಬಾರಿ ಬ್ರ್ಯಾಂಡ್. 1989ರಲ್ಲಿ ಎಲ್‌ಎಸ್ 400 ಜೊತೆ ಅಮೆರಿಕದಲ್ಲಿ ಶುರುವಾಯಿತು. ಕೆಲವೇ ತಿಂಗಳಲ್ಲಿ ದೋಷ ಕಂಡು ಸುಮಾರು 8,000 ಕಾರು ವಾಪಸ್ ಕರೆಯಬೇಕಾಯಿತು. ಡೀಲರುಗಳು ಮನೆಗೇ ಹೋಗಿ ಕಾರು ತಂದು, ಸರಿಪಡಿಸಿ, ತೊಳೆದು ವಾಪಸ್ ಬಿಟ್ಟರು. ಬೈಗುಳ ಬೀಳಬೇಕಿದ್ದ ಜಾಗದಲ್ಲಿ ಹೊಗಳಿಕೆ ಬಂತು.

ಹಾಗಿದ್ದ ಕಂಪನಿ 2010ರಲ್ಲಿ ಅಷ್ಟೊಂದು ಮಾನ ಕಳಕೊಂಡಿದ್ದು ಯಾಕೆ?

2008ರಲ್ಲಿ ಟೊಯೋಟಾ ಜಗತ್ತಿನ ನಂಬರ್ ಒನ್ ಆಯಿತು. 77 ವರ್ಷ ಆ ಜಾಗದಲ್ಲಿದ್ದ ಜನರಲ್ ಮೋಟಾರ್ಸ್ ಕೆಳಗಿಳಿಯಿತು. ಮರುವರ್ಷ ಆಗಸ್ಟ್‌ನಲ್ಲಿ ಸ್ಯಾನ್ ಡಿಯಾಗೊ ಹತ್ತಿರ ಒಂದು ಲೆಕ್ಸಸ್ ಕಾರು ವೇಗ ತಗ್ಗದೆ ಹೋಗಿ ನಾಲ್ವರು ಸತ್ತರು. ಬೇರೆ ಮಾದರಿಯ ಮ್ಯಾಟ್ ಹಾಕಿದ್ದರಿಂದ ಆಕ್ಸಿಲರೇಟರ್ ಅದಕ್ಕೆ ಸಿಕ್ಕಿಕೊಂಡಿತ್ತು. ಆಮೇಲೆ ಮ್ಯಾಟ್‌ಗಾಗಿ ಒಂದು ಸಲ ಕಾರುಗಳನ್ನು ವಾಪಸ್ ಕರೆದರು, ಅಂಟಿಕೊಳ್ಳುವ ಪೆಡಲ್‌ಗಾಗಿ ಇನ್ನೊಂದು ಸಲ. ಲಕ್ಷಗಟ್ಟಲೆ ಕಾರು ವಾಪಸ್. 2010ರ ಫೆಬ್ರುವರಿಯಲ್ಲಿ ಸಾಕಿಚಿಯ ಮರಿಮಗ ಅಕಿಯೊ ಟೊಯೋಡಾ ಅಮೆರಿಕದ ಸಂಸತ್ ಸಮಿತಿಯ ಮುಂದೆ ಕೂತು ಕ್ಷಮೆ ಕೇಳಿದರು. ನಾವು ಬೆಳೆದ ವೇಗ ಜಾಸ್ತಿಯಾಯಿತೇನೋ ಅಂತ ಒಪ್ಪಿಕೊಂಡರು.

ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಎಲೆಕ್ಟ್ರಾನಿಕ್ಸ್‌ನಲ್ಲೇ ದೋಷ ಇದೆ ಅನ್ನುವ ಗುಮಾನಿ ಜೋರಾಗಿತ್ತು. ನಾಸಾದ ಎಂಜಿನಿಯರುಗಳು ಹುಡುಕಿದರು, ಅದಕ್ಕೆ ಪುರಾವೆ ಸಿಗಲಿಲ್ಲ. ಆದರೆ ತಪ್ಪು ಗೊತ್ತಿದ್ದೂ ಗಿರಾಕಿಗಳಿಗೆ ಸರಿಯಾಗಿ ಹೇಳಲಿಲ್ಲ ಅನ್ನುವ ಆರೋಪದಲ್ಲಿ 2014ರಲ್ಲಿ ಕಂಪನಿ 120 ಕೋಟಿ ಡಾಲರ್ ಕಟ್ಟಿತು. ಎಳೆ ಕಡಿದದ್ದಕ್ಕಿಂತ, ಕಡಿದ ಮೇಲೂ ಮಗ್ಗ ಓಡಿಸಿದ್ದು ದೊಡ್ಡ ತಪ್ಪು.

ಹೈಬ್ರಿಡ್ ತಂದವರು ಎಲೆಕ್ಟ್ರಿಕ್‌ನಲ್ಲಿ ಹಿಂದೆ ಬಿದ್ದರಾ?

1997ರ ಡಿಸೆಂಬರ್‌ನಲ್ಲಿ ಪ್ರಿಯಸ್ ಎಂಬ ಹೈಬ್ರಿಡ್ ಕಾರು, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟಾರೂ ಇರುವ ಕಾರು, ತಂದಾಗ ಬಹಳ ಜನ ನಕ್ಕಿದ್ದರು. ಆಮೇಲೆ ಎಲ್ಲರೂ ಹಿಂಬಾಲಿಸಿದರು. ಪೂರ್ತಿ ಬ್ಯಾಟರಿ ಕಾರಿನ ವಿಷಯದಲ್ಲಿ ಇವರು ನಿಧಾನ, ಅದು ನಿಜ. 2022ರಲ್ಲಿ ಬಂದ ಬಿಝಡ್4ಎಕ್ಸ್ ಎಂಬ ಬ್ಯಾಟರಿ ಕಾರಿನಲ್ಲಿ ಚಕ್ರದ ಬೋಲ್ಟ್ ಸಡಿಲವಾಗುವ ದೋಷ ಕಂಡು ಶುರುವಿನಲ್ಲೇ ವಾಪಸ್ ಕರೆದರು. ಚಕ್ರದ ಬೋಲ್ಟು, ಅದೂ ಟೊಯೋಟಾದಲ್ಲಿ! ಎಲ್ಲ ಮೊಟ್ಟೆ ಒಂದೇ ಬುಟ್ಟಿಯಲ್ಲಿ ಇಡುವುದಿಲ್ಲ ಅನ್ನುವ ಅವರ ವಾದ ಹೈಬ್ರಿಡ್ ಮಾರಾಟ ಜೋರಾದ ಮೇಲೆ ಮೊದಲಿನಷ್ಟು ಹುಚ್ಚಾಗಿ ಕಾಣುತ್ತಿಲ್ಲ.

ಬಿಡದಿಗೆ ಹೇಗೆ ಬಂದರು?

ಅದೂ ಬಟ್ಟೆಯ ದಾರಿಯಲ್ಲೇ! 1980ರ ದಶಕದಲ್ಲಿ ಭಾರತದಲ್ಲಿ ಸಣ್ಣ ಲಾರಿ ಮಾಡಲು ಕೈ ಜೋಡಿಸಿದ್ದು ಡಿಸಿಎಂ ಜೊತೆ, ಅಂದರೆ ಡೆಲ್ಲಿ ಕ್ಲಾತ್ ಮಿಲ್ಸ್. ಅದು ಉಳಿಯಲಿಲ್ಲ. 1995ರಲ್ಲಿ ಬೆಂಗಳೂರಿನ ಜಿಗಣಿಯಲ್ಲಿ ಕಿರ್ಲೋಸ್ಕರ್ ಜೊತೆ ನೂಲು ತೆಗೆಯುವ ಯಂತ್ರದ ಕಂಪನಿ ಮಾಡಿದರು. ಆ ನಂಟಿನ ಮೇಲೆ 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಹುಟ್ಟಿತು, ಬಿಡದಿಯಲ್ಲಿ ಅದರ ಕಾರು ಕಾರ್ಖಾನೆ ಬಂತು. ಇದರ ಹಿಂದೆ ಓಡಾಡಿದವರು ವಿಕ್ರಮ್ ಕಿರ್ಲೋಸ್ಕರ್. 2022ರಲ್ಲಿ ತೀರಿಕೊಂಡರು.

2000ದ ಜನವರಿಯಲ್ಲಿ ಕ್ವಾಲಿಸ್ ಬಂತು. ಇಂಡೋನೇಷ್ಯಾದ ಕಿಜಾಂಗ್ ಗಾಡಿಯ ರೂಪ ಅದು. ನೋಡಲು ಡಬ್ಬಿ. ಆದರೆ ನಮ್ಮ ಸೋದರಮಾವ ಹಾಸನದಲ್ಲಿ ಬಾಡಿಗೆಗೆ ಬಿಟ್ಟಿದ್ದ ಕ್ವಾಲಿಸ್‌ನಲ್ಲಿ ಹತ್ತು ಜನ, ಮೇಲೆ ಕ್ಯಾರಿಯರ್ ತುಂಬ ಲಗೇಜು, ಶಿರಾಡಿ ಘಾಟಿ ಇಳಿದು ಧರ್ಮಸ್ಥಳ, ಸುಬ್ರಹ್ಮಣ್ಯ ಮುಗಿಸಿ ರಾತ್ರಿ ಮನೆಗೆ. ಮೊದಲ ಪೂಜೆ ಗಣಪನಿಗೆ, ಎರಡನೇ ಪೂಜೆ ಗಾಡಿಗೆ. ಚೆನ್ನಾಗಿ ಮಾರಾಟ ಆಗುತ್ತಿರುವಾಗಲೇ ಅದನ್ನು ನಿಲ್ಲಿಸಿ 2005ರಲ್ಲಿ ಇನ್ನೋವಾ ತಂದರು. ಹುಚ್ಚರು ಅಂದುಕೊಂಡವರೇ ಜಾಸ್ತಿ. ಮಾವನೂ ಅದನ್ನೇ ಅಂದಿದ್ದರು. ಎರಡು ವರ್ಷ ಬಿಟ್ಟು ಅವರೇ ಇನ್ನೋವಾ ತಂದು ನಿಲ್ಲಿಸಿದರು.

2007ರಲ್ಲಿ ಬಿಡದಿಯಲ್ಲೇ ಹಳ್ಳಿ ಹುಡುಗರಿಗಾಗಿ ತರಬೇತಿ ಸಂಸ್ಥೆ ಶುರುವಾಯಿತು. ತಟ್ಟೆ ಇಡ್ಲಿಗೆ ಹೆಸರಾದ ಊರಿಗೆ ಎರಡನೇ ಗುರುತು ಬಂತು.

ಟೊಯೋಟಾದ ಗ್ಲಾನ್ಜಾ ಮಾರುತಿ ಸುಜುಕಿಯ ಬಲೆನೊ ಥರನೇ ಇದೆಯಲ್ಲ?

ಬಲೆನೊನೇ ಅದು, ಸುಜುಕಿಯದು. ಇಬ್ಬರ ಒಪ್ಪಂದದಲ್ಲಿ 2019ರಿಂದ ಬರುತ್ತಿದೆ. ಗ್ರ್ಯಾಂಡ್ ವಿಟಾರ ಬಿಡದಿಯಲ್ಲಿ ತಯಾರಾಗಿ ಮಾರುತಿ ಹೆಸರಲ್ಲಿ ಮಾರಾಟವಾದದ್ದೂ ಇದೆ. ಮಜಾ ಏನೆಂದರೆ ಸುಜುಕಿಯೂ 1909ರಲ್ಲಿ ಮಗ್ಗದ ಕಂಪನಿಯಾಗಿಯೇ ಶುರುವಾದದ್ದು. ಸಾಕಿಚಿ ಹುಟ್ಟಿದ ಕೊಸಾಯಿ ಊರಲ್ಲಿ ಈಗ ಇರುವುದು ಸುಜುಕಿಯ ಕಾರು ಕಾರ್ಖಾನೆ.

ಕೆಲಸಗಾರರು ಏನನ್ನುತ್ತಾರೆ?

ಹೊಗಳಿಕೆ ಒಂದೇ ಅಲ್ಲ. 2002ರಲ್ಲಿ ಜಪಾನಿನ ಕಾರ್ಖಾನೆಯಲ್ಲಿ 30 ವರ್ಷದ ನೌಕರನೊಬ್ಬ ರಾತ್ರಿ ಪಾಳಿಯಲ್ಲಿ ಕುಸಿದು ಸತ್ತ. ಹಿಂದಿನ ಒಂದು ತಿಂಗಳಲ್ಲಿ ನೂರು ಗಂಟೆಗೂ ಹೆಚ್ಚು ಓವರ್‌ಟೈಮ್ ಮಾಡಿದ್ದ. 'ಸ್ವಇಚ್ಛೆ'ಯ ಗುಣಮಟ್ಟ ಸಭೆಗಳೂ ಕೆಲಸವೇ ಅಂತ ನಗೋಯ ನ್ಯಾಯಾಲಯ 2007ರಲ್ಲಿ ಹೆಂಡತಿಯ ಪರ ತೀರ್ಪು ಕೊಟ್ಟಿತು. ಬಿಡದಿಯಲ್ಲೂ 2014 ಮತ್ತು 2020ರಲ್ಲಿ ಕಾರ್ಖಾನೆಗೆ ಬೀಗ ಬಿದ್ದಿತ್ತು. 2020ರಲ್ಲಿ ಕೆಲಸದ ಹೊರೆ ವಿಪರೀತ ಅನ್ನುವುದು ಯೂನಿಯನ್ ಮಾತು, ಶಿಸ್ತು ಮೀರಿದರು ಅನ್ನುವುದು ಕಂಪನಿಯ ಮಾತು. ಸೆಕೆಂಡುಗಳನ್ನು ಉಳಿಸುವ ಪದ್ಧತಿಯಲ್ಲಿ ಆ ಸೆಕೆಂಡು ಯಾರ ಮೈಯಿಂದ ಬರುತ್ತದೆ ಅನ್ನುವ ಪ್ರಶ್ನೆ ಇದ್ದೇ ಇದೆ.

ಈಚೆಗೆ ಪರೀಕ್ಷೆಯಲ್ಲಿ ಮೋಸ ಅಂತ ಸುದ್ದಿ ಬಂತಲ್ಲ?

2023ರ ಡಿಸೆಂಬರ್‌ನಲ್ಲಿ, ಟೊಯೋಟಾ ಗುಂಪಿನ ಡೈಹಟ್ಸು ಕಂಪನಿ 64 ಮಾದರಿಗಳ ಪರೀಕ್ಷೆಯಲ್ಲಿ ಅಕ್ರಮ ಒಪ್ಪಿಕೊಂಡಿತು. ಡಿಕ್ಕಿ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಸೆನ್ಸರಿನಿಂದ ಬಿಚ್ಚಿಕೊಳ್ಳಬೇಕು. ಇವರು ಟೈಮರ್ ಇಟ್ಟು ಬಿಚ್ಚಿಸಿದ್ದರು. ಗಡುವಿನ ಒತ್ತಡ ವಿಪರೀತ ಇತ್ತು ಅಂತ ತನಿಖಾ ಸಮಿತಿ ಹೇಳಿತು. ಅಂದರೆ ಹಗ್ಗ ಎಳೆಯುವ ಧೈರ್ಯ ಯಾರಿಗೂ ಇರಲಿಲ್ಲ.

ಮರುತಿಂಗಳೇ ಡೀಸೆಲ್ ಎಂಜಿನ್ನಿನ ಪರೀಕ್ಷೆಯಲ್ಲಿ ಅಂಕಿ ತಿದ್ದಿದ್ದು ಹೊರಬಿತ್ತು. ಆ ಕಾರಣಕ್ಕೆ ನಮ್ಮಲ್ಲೂ ಇನ್ನೋವಾ ಕ್ರಿಸ್ಟಾ, ಫಾರ್ಚುನರ್, ಹೈಲಕ್ಸ್ ರವಾನೆ ಕೆಲವು ದಿನ ನಿಂತಿತು. ಆ ಎಂಜಿನ್ ಮಾಡಿದ್ದು ಟೊಯೋಟಾ ಇಂಡಸ್ಟ್ರೀಸ್. ಅದರ ಹಳೆಯ ಹೆಸರು ಟೊಯೋಡಾ ಆಟೊಮ್ಯಾಟಿಕ್ ಲೂಮ್ ವರ್ಕ್ಸ್. ಸಾಕಿಚಿಯ ಮಗ್ಗದ ಕಂಪನಿಯೇ!

ಎಲ್ಲ ಸರಿ, ಸೆಕೆಂಡ್ ಹ್ಯಾಂಡ್ ಇನ್ನೋವಾ ತಗೋಬಹುದಾ?

ತಗೊಳ್ಳಿ, ಆದರೆ ಹೆಸರು ನೋಡಿ ಅಲ್ಲ, ಗಾಡಿ ನೋಡಿ. ಯೆಲ್ಲೋ ಬೋರ್ಡಿನಿಂದ ವೈಟ್ ಬೋರ್ಡಿಗೆ ಬದಲಾಗಿದೆಯಾ ಅಂತ ದಾಖಲೆಯಲ್ಲಿ ಪರೀಕ್ಷಿಸಿ. ಮೀಟರಿನ ಕಿಲೋಮೀಟರ್ ನಂಬಬೇಡಿ, ಸರ್ವಿಸ್ ದಾಖಲೆ ಕೇಳಿ. ಡ್ರೈವರ್ ಸೀಟಿನ ಅಂಚು, ಕ್ಲಚ್ ಪೆಡಲಿನ ರಬ್ಬರ್ ಎಷ್ಟು ಸವೆದಿದೆ ನೋಡಿ. 80 ಸಾವಿರ ಓಡಿದ್ದು ಅಂತ ಮೀಟರ್ ಹೇಳುತ್ತಿದ್ದು, ಪೆಡಲಿನ ರಬ್ಬರ್ ಬೋಳಾಗಿದ್ದರೆ ಸುಮ್ನೆ ಟೀ ಕುಡಿದು ಎದ್ದು ಬನ್ನಿ.